ಹೆಸರಘಟ್ಟ: ಟ್ರಿಪ್‌ಗೆ ಹೊರಡೋ ಮುಂಚೆ ಈ ಕೆರೆ ಕಥೆ ಕೇಳಿ

 

ಯುಗಾದಿ ಹತ್ರ ಬಂತು, ಹೊಂಗೆ ಚಿಗುರಿದೆ. ಈ ಟೈಮಲ್ಲಿ ನನ್ನ ಇನ್‌ಬಾಕ್ಸ್‌ಗೆ ಬರೋ ಪ್ರಶ್ನೆ ಒಂದೇ: "ಬೆಂಗಳೂರಿನ ಹತ್ರ ಇನ್ನೂ ಹಾಳಾಗದ ಕೆರೆ ಯಾವುದಾದ್ರೂ ಇದ್ಯಾ? ಬೆಳಿಗ್ಗೆ ಹೋಗಿ ಸಂಜೆ ಬರಬೇಕು."

ಇದೆ. ಹೆಸರಘಟ್ಟ. ಊರಿಂದ ಸುಮಾರು 20 ಕಿಲೋಮೀಟರ್. ಆದರೆ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ಬಿ.ಕಾಂ. ಕೊನೇ ವರ್ಷದಲ್ಲಿ ನಾವು ನಾಲ್ಕು ಜನ ಅಲ್ಲಿಗೆ ಹೋಗಿದ್ವಿ. ಕೆರೆ ಒಣಗಿತ್ತು. ಅಂಗಳದ ತುಂಬಾ ಬೈಕ್ ಓಡಿಸಿ, ಧೂಳೆಬ್ಬಿಸಿ ವಿಡಿಯೋ ಮಾಡಿದ್ವಿ. ಮನೆಗೆ ಬಂದು ತಾತನಿಗೆ ತೋರಿಸಿದೆ. ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದ ಮನುಷ್ಯ. ವಿಡಿಯೋ ಪೂರ್ತಿ ನೋಡಿ, "ಅದು ನಾವು ಕುಡಿದ ನೀರು ಕಣೋ" ಅಂದ್ರು. ಅಷ್ಟೇ. ನಾನು ಹಿಸ್ಟರಿ ಓದೋಕೆ ಶುರು ಮಾಡಿದ್ದು ಅವತ್ತಿಂದ.

19ನೇ ಶತಮಾನದಲ್ಲಿ ಬೆಂಗಳೂರು ಬದುಕಿದ್ದು ಬಾವಿ ಮತ್ತು ಊರೊಳಗಿನ ಕೆರೆಗಳಿಂದ. ಧರ್ಮಾಂಬುಧಿ, ಸಂಪಂಗಿ, ಹಲಸೂರು. 1882ರಲ್ಲಿ ಸ್ಯಾಂಕಿ ಕೆರೆಯೂ ಸೇರಿಕೊಂಡಿತು. ಜನ ಹೆಚ್ಚಾದರು, ಕೊಳಕೂ ಹೆಚ್ಚಾಯಿತು, ಮಳೆ ಕೈಕೊಟ್ಟರೆ ಇವೆಲ್ಲ ಒಟ್ಟಿಗೇ ಒಣಗುತ್ತಿದ್ದವು. ಆಗ ಮೈಸೂರು ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಊರಾಚೆ ಕಣ್ಣು ಹಾಯಿಸಿದರು. ನಂದಿ ಬೆಟ್ಟದಲ್ಲಿ ಹುಟ್ಟಿ ಬರೋ ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಹೆಸರಘಟ್ಟದ ಜಲಾಶಯ ಎದ್ದಿತು. ಅಲ್ಲಿಂದ ನೀರು ಇಟ್ಟಿಗೆ ಕಾಲುವೆಯಲ್ಲಿ ತಾನಾಗೇ ಹರಿದು ಬರ್ತಿತ್ತು. ಸೋಲದೇವನಹಳ್ಳಿಯಲ್ಲಿ ಹಬೆ ಎಂಜಿನ್ ಅದನ್ನ ಊರಿನ ಕಡೆ ಮೇಲೆತ್ತುತ್ತಿತ್ತು. 1896ರ ಹೊತ್ತಿಗೆ ಬೆಂಗಳೂರಿಗೆ ಕೊಳಾಯಿ ನೀರು ಬಂತು.

ಅಂದ್ರೆ ನಾವು "ನೇಚರ್" ಅಂತ ಫೋಟೋ ಹಾಕೋ ಈ ಕೆರೆ ಪೂರ್ತಿ ಮನುಷ್ಯ ಕಟ್ಟಿದ್ದು. ಮತ್ತೆ ಇದು ಚೆನ್ನಾಗಿ ಉಳಿದಿದ್ದಾದರೂ ಹೇಗೆ? ನನ್ನ ಲೆಕ್ಕ ಸಿಂಪಲ್: ಊರು ಅದನ್ನ ಕುಡೀತಿತ್ತು. ಕುಡಿಯೋ ನೀರಿಗೆ ಯಾರೂ ಚರಂಡಿ ಬಿಡಲ್ಲ. ಊರೊಳಗಿನ ಕೆರೆಗಳ ಕಥೆ ನೋಡಿ. ಕೊಳಾಯಿ ಬಂದ ಮೇಲೆ ಅವು ಯಾರಿಗೂ ಬೇಡವಾದವು. ಧರ್ಮಾಂಬುಧಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆ ಜಾಗದಲ್ಲಿ ಕಂಠೀರವ ಸ್ಟೇಡಿಯಂ.

ಆಮೇಲೆ ಹೆಸರಘಟ್ಟದ ಸರದಿ. 1920ರ ದಶಕದಲ್ಲಿ ಮಳೆ ಇಲ್ಲದೆ ಅದು ಸೊರಗಿತು. ಊರು ಅರ್ಕಾವತಿ ಹರಿವಿನಲ್ಲೇ ಇನ್ನೂ ಕೆಳಗೆ ಹೋಗಿ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿತು. 1974ರಲ್ಲಿ ಕಾವೇರಿ ನೀರೇ ಬಂತು. ಅಲ್ಲಿಗೆ ಅರ್ಕಾವತಿ ನಮ್ಮ ತಲೆಯಿಂದ ಹೊರಟುಹೋಯಿತು. ಮೇಲ್ಭಾಗದಲ್ಲಿ ಬೋರ್‌ವೆಲ್ ಬಂದವು, ನೀಲಗಿರಿ ತೋಪು ಬಂದವು, ಕಾಲುವೆ ಮುಚ್ಚಿದರು, ಮರಳು ತೆಗೆದರು. ಕೆರೆ ವರ್ಷಗಟ್ಟಲೆ ಬಣಗುಟ್ಟಿತು. ನಾನು ಬೈಕ್ ಓಡಿಸಿದ್ದು ಅಂಥದ್ದೊಂದು ವರ್ಷ.

ಕಾಮರ್ಸ್ ಓದಿದವನ ಭಾಷೆಯಲ್ಲಿ ಹೇಳ್ತೀನಿ. ಲೆಕ್ಕದ ಪುಸ್ತಕದಲ್ಲಿ ಆಸ್ತಿ ಅಂತ ಬರೆದಿದ್ದನ್ನ ಒಮ್ಮೆ ಹೊಡೆದು ಹಾಕಿದ್ರೆ, ಅದರ ನಿಗಾ ನೋಡೋರು ಯಾರೂ ಇರಲ್ಲ. ಕೆರೆಗೂ ಹಾಗೇ ಆಯ್ತು. "ಹಾಳಾಗದ ಕೆರೆ ಎಲ್ಲಿದೆ?" ಅಂತ ಕೇಳೋ ನಾವೇ, ಹಿಂದಿನ ಕೆರೆಗಳನ್ನ ಹೊಡೆದು ಹಾಕಿದ ಊರಿನ ಮಕ್ಕಳು.

ಹೋಗಿ, ಬೇಡ ಅನ್ನಲ್ಲ. ಬೆಳಗಿನ ಜಾವವೇ ಹೋಗಿ. ಚಳಿಗಾಲಕ್ಕೆ ಬಂದ ಹಕ್ಕಿಗಳು ವಾಪಸ್ ಹೊರಡೋ ಹೊತ್ತಿದು. ಆದ್ರೆ ಗಾಡಿ ರಸ್ತೆಯಲ್ಲೇ ಇರಲಿ. ಅಲ್ಲಿನ ಹುಲ್ಲುಗಾವಲಲ್ಲಿ ಎಷ್ಟೋ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡ್ತವೆ. ನಮ್ಮ ಟೈರಿನ ಕೆಳಗೆ ಏನಿತ್ತೋ, ಅವತ್ತು ನಾವು ಇಳಿದು ನೋಡಲೇ ಇಲ್ಲ. ತಿಂಡಿ ಕವರ್ ಜೇಬಿನಲ್ಲೇ ವಾಪಸ್ ತನ್ನಿ. ಏರಿ ಮೇಲೆ ಐದು ನಿಮಿಷ ಸುಮ್ಮನೆ ನಿಂತು, ನಿಮ್ಮ ಅಜ್ಜಿಯೋ ತಾತನೋ ಯಾವ ನೀರು ಕುಡಿದು ಬೆಳೆದರು ಅಂತ ಫೋನ್ ಮಾಡಿ ಕೇಳಿ.

ನಮ್ಮ ತಾತ ಈಗ ಇಲ್ಲ. ಆ ವಿಡಿಯೋ ನಾನು ಡಿಲೀಟ್ ಮಾಡಿಲ್ಲ. ನೆನಪಿರಲಿ ಅಂತ ಇಟ್ಕೊಂಡಿದ್ದೀನಿ.

ಮುಂದಿನ ವಾರ ಸಿಗೋಣ.