ಸಮುದ್ರಯಾನವೂ ಮಧ್ಯವರ್ತಿಯೂ: ಜಾವಗಲ್ಲಿನ ನೆಲೆಯಿಂದ ಒಂದು ಪರಿಶೀಲನೆ

ಹಳೇಬೀಡಿನಿಂದ ಬಾಣಾವರದ ಕಡೆಗೆ ಸಾಗುವ ದಾರಿಯಲ್ಲಿರುವ ಜಾವಗಲ್ಲು, ಹಡಗಿನ ವಿಚಾರವನ್ನು ಆರಂಭಿಸುವುದಕ್ಕೆ ತಕ್ಕ ಸ್ಥಳವೆಂದು ಮೊದಲ ನೋಟಕ್ಕೆ ಯಾರಿಗೂ ತೋರಲಾರದು. ಕಡಲು ಈ ಊರಿಗೆ ಘಟ್ಟದ ಆಚೆಯದು. ಆದರೂ ಯಾತ್ರಿಕನು ಹಡಗಿನವನೊಡನೆ ನೇರವಾಗಿ ವ್ಯವಹರಿಸಬೇಕೋ, ಏಜೆಂಟನ ಕೈಗೆ ತನ್ನ ಹಣವನ್ನೂ ಪ್ರಯಾಣವನ್ನೂ ಒಪ್ಪಿಸಬೇಕೋ ಎಂಬ ಪ್ರಶ್ನೆಯ ಎರಡು ಮುಖಗಳು ಈ ಒಂದೇ ಊರಿನಲ್ಲಿ ಅಕ್ಕಪಕ್ಕದಲ್ಲಿ ನಿಂತಿವೆ. ಅವುಗಳಲ್ಲಿ ಮೊದಲನೆಯದು ಇಲ್ಲಿಯ ಲಕ್ಷ್ಮೀನರಸಿಂಹ ದೇವಾಲಯ. ಎರಡನೆಯದು ಇಲ್ಲಿಯ ದರ್ಗಾ ಮತ್ತು ಅದರ ಸುತ್ತಲಿನ ಮುಸಲ್ಮಾನ ಬಾಂಧವರ ಬಾಳಿನಲ್ಲಿ ಹಜ್ ಯಾತ್ರೆಗೆ ಇರುವ ಸ್ಥಾನ. ಈ ಎರಡನ್ನೂ ನಿಮಿತ್ತವಾಗಿಟ್ಟುಕೊಂಡು, ಪ್ರಯಾಣದಲ್ಲಿ ಮಧ್ಯವರ್ತಿಯ ಪ್ರಯೋಜನವೂ ಅಪಾಯವೂ ಎಲ್ಲಿಂದ ಹುಟ್ಟುತ್ತವೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಲಕ್ಷ್ಮೀನರಸಿಂಹ ದೇವಾಲಯವು ವೀರಸೋಮೇಶ್ವರನ ಆಳ್ವಿಕೆಯಲ್ಲಿ, ಸುಮಾರು 1250ರಲ್ಲಿ, ಬಳಪದ ಕಲ್ಲಿನಿಂದ ನಿರ್ಮಿತವಾದ ತ್ರಿಕೂಟ. ಗರ್ಭಗೃಹಗಳು ಮೂರಿದ್ದರೂ ಶಿಖರವುಳ್ಳದ್ದು ನಡುವಣದೊಂದೇ. ಜಗತಿಯ ಮೇಲೆ ಪ್ರದಕ್ಷಿಣವಾಗಿ ಬರುತ್ತ ಗೋಡೆಯ ಬುಡಕ್ಕೆ ಬಾಗಿ ನೋಡಿದವನಿಗೆ ಆನೆಗಳ ಸಾಲು, ಕುದುರೆ ಸವಾರರು, ಬಳ್ಳಿಯ ಸುರುಳಿಗಳು, ಪುರಾಣಕಥೆಗಳು ಒಂದರ ಮೇಲೊಂದು ಪಟ್ಟಿಕೆಯಾಗಿ ತೋರುತ್ತವೆ. ಅವುಗಳ ಮೇಲೆ, ಸೂರಿನ ನೆರಳಿನಲ್ಲಿ, ದೇವತಾಮೂರ್ತಿಗಳು ಸಾಲಾಗಿ ನಿಂತಿವೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಈ ಗುಡಿ ಅವುಗಳ ಜತೆಯಲ್ಲಿರಲಿಲ್ಲ. ಪ್ರವಾಸಿ ಸಂಸ್ಥೆಗಳ ಕಾರ್ಯಕ್ರಮಪಟ್ಟಿಯಲ್ಲಿಯೂ ಇದರ ಹೆಸರು ಅಪರೂಪ. ಬೆಂಗಳೂರಿನಿಂದ ಬೆಳಗಿನ ಜಾವದಲ್ಲಿ ಹೊರಡುವ ಬಸ್ಸು ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಒಂದೇ ಹಗಲಿನಲ್ಲಿ ಮುಗಿಸಿ ರಾತ್ರಿಗೆ ಹಿಂದಿರುಗಬೇಕು. ಹೊಯ್ಸಳೇಶ್ವರನ ಎದುರು ನಿಂತಿರುವ ಆ ಪ್ರಯಾಣಿಕನಿಗೆ ಜಾವಗಲ್ಲು ಒಂದು ಗಂಟೆಯೂ ಹಿಡಿಯದ ದಾರಿಯೆಂಬುದನ್ನು ಹೇಳುವವರೇ ಇಲ್ಲ. ಇದು ಯಾರೊಬ್ಬರ ದೋಷವೂ ಅಲ್ಲ. ಆದರೆ ಮಧ್ಯವರ್ತಿಯು ನಮಗೆ ಮಾರುವುದು ಬರಿಯ ಆಸನವನ್ನಲ್ಲ, ನಾವು ಏನನ್ನು ನೋಡುವೆವು ಏನನ್ನು ನೋಡದೆಹೋಗುವೆವು ಎಂಬ ನಿರ್ಣಯವನ್ನೂ ಅವನು ಆಸನದೊಂದಿಗೇ ಮಾರುತ್ತಾನೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶೀ ವಿಹಾರನೌಕೆಗಳ ಯಾತ್ರಿಕರ ಸ್ಥಿತಿಯೂ ಇದೇ. ಬೆಳಿಗ್ಗೆ ಇಳಿದು, ಕದ್ರಿಯನ್ನೋ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೋ ಕಂಡು, ಸಂಜೆಗೆ ಹಡಗನ್ನೇರುವ ಅವರ ಕರ್ಣಾಟಕವು ಆ ಒಂದು ಹಗಲಿನಷ್ಟೇ ವಿಸ್ತಾರವುಳ್ಳದ್ದು.

ಎರಡನೆಯ ಮುಖವು ಇದಕ್ಕಿಂತ ಗಹನವಾದದ್ದು. ಅದನ್ನು ತುಸು ವಿಸ್ತಾರವಾಗಿಯೇ ನೋಡಬೇಕಾಗುತ್ತದೆ. ಕನ್ನಡ ನಾಡಿನ ಒಳಸೀಮೆಯ ಸಾಮಾನ್ಯ ಕುಟುಂಬಗಳಲ್ಲಿ, ಹಣ ತೆತ್ತು ಹಡಗೇರಿ ಸಮುದ್ರವನ್ನು ದಾಟುವ ಸಂಕಲ್ಪವನ್ನು ತಲೆಮಾರುಗಳಿಂದ ಮಾಡುತ್ತ ಬಂದವರು ಹಜ್ ಯಾತ್ರಿಕರು. ಬೆಂಗಳೂರಿನಿಂದ ಹರಿಹರದವರೆಗಿನ ರೈಲುಮಾರ್ಗವು 1889ರಲ್ಲಿ ಪೂರ್ಣಗೊಂಡ ಬಳಿಕ ಈ ಪ್ರಾಂತದ ಯಾತ್ರಿಕನಿಗೆ ಬಾಣಾವರ ಅಥವಾ ಅರಸೀಕೆರೆಯಲ್ಲಿ ಗಾಡಿ ಹತ್ತಿ ಹುಬ್ಬಳ್ಳಿ, ಮೀರಜ್, ಪುಣೆಗಳ ಮೂಲಕ ಮುಂಬಯಿಯನ್ನು ಸೇರುವುದು ಸಾಧ್ಯವಾಯಿತು. ಅಲ್ಲಿಯವರೆಗೂ ಅವನ ಕಷ್ಟವು ದೇಹದ್ದು; ಮುಂಬಯಿಯಲ್ಲಿ ಇಳಿದ ಮೇಲೆ ಆರಂಭವಾಗುವುದು ಭಾಷೆ, ಲೆಕ್ಕ, ಕಾಗದಗಳ ಕಷ್ಟ. ಹಡಗಿನ ಕಂಪೆನಿಗೂ ಯಾತ್ರಿಕನಿಗೂ ನಡುವೆ ಅಲ್ಲಿ ದಲ್ಲಾಳಿಯು ನಿಂತಿದ್ದನು. ಯಾವ ಹಡಗು ಎಂದು ಹೊರಡುವುದು, ದರವೆಷ್ಟು, ಕೆಂಪು ಸಮುದ್ರದ ಕಮರಾನ್ ದ್ವೀಪದ ಕ್ವಾರಂಟೈನಿನಲ್ಲಿ ಎಷ್ಟು ದಿನ ತಡೆಯಬೇಕಾಗುವುದು, ಇವೆಲ್ಲವನ್ನೂ ಯಾತ್ರಿಕನು ತಿಳಿಯುತ್ತಿದ್ದುದು ದಲ್ಲಾಳಿಯ ಬಾಯಿಂದಲೇ. ಹಣ ಸ್ವೀಕೃತವಾದ ಮೇಲೆ ಹಡಗು ಹೊರಡದೆ ನಿಲ್ಲುವುದು, ಹಿಡಿಸುವುದಕ್ಕಿಂತ ಹೆಚ್ಚು ಮಂದಿಯನ್ನು ತುಂಬುವುದು, ಬರಿಯ ಹೋಗುವ ಟಿಕೆಟನ್ನು ಮಾತ್ರ ಮಾರಿ ಹಿಂದಿರುಗುವ ದಾರಿಯನ್ನು ದೈವಕ್ಕೆ ಬಿಡುವುದು, ಇವು ಆ ಕಾಲದ ದೂರುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳು. ಜೆದ್ದಾದಲ್ಲಿ ಕೈಯಲ್ಲಿ ಕಾಸಿಲ್ಲದೆ ಉಳಿದುಹೋದ ಹಿಂದೂಸ್ತಾನದ ಯಾತ್ರಿಕರ ಪ್ರಶ್ನೆಯು ಸರಕಾರವನ್ನು ದಶಕಗಳ ಕಾಲ ಕಾಡಿತು.

ಇದಕ್ಕೆ ಪರಿಹಾರವೆಂದು ಭಾರತ ಸರಕಾರವು 1886ರಲ್ಲಿ ಕೈಗೊಂಡ ಕ್ರಮವು ಪ್ರವಾಸೋದ್ಯಮದ ಚರಿತ್ರೆಯಲ್ಲಿಯೇ ಗಮನಾರ್ಹವಾದದ್ದು. ಯೂರೋಪಿನಲ್ಲಿ ಪ್ರವಾಸಗಳನ್ನು ವ್ಯವಸ್ಥೆಗೊಳಿಸಿ ಪ್ರಖ್ಯಾತವಾಗಿದ್ದ ಥಾಮಸ್ ಕುಕ್ ಅಂಡ್ ಸನ್ ಸಂಸ್ಥೆಯನ್ನು ಹಜ್ ಯಾತ್ರೆಯ ಅಧಿಕೃತ ಏಜೆಂಟನನ್ನಾಗಿ ಸರಕಾರವು ನೇಮಿಸಿತು. ಸಂಸ್ಥಾಪಕನ ಮಗನಾದ ಜಾನ್ ಮೇಸನ್ ಕುಕ್ಕನ ಯೋಜನೆಯ ತಿರುಳು ಸರಳವಾಗಿತ್ತು: ಒಳನಾಡಿನ ರೈಲು ನಿಲ್ದಾಣದಿಂದ ಜೆದ್ದಾದವರೆಗೆ, ರೈಲಿಗೂ ಹಡಗಿಗೂ ಸೇರಿದಂತೆ, ನಿಶ್ಚಿತ ದರದ ಒಂದೇ ಟಿಕೆಟ್ಟು, ಮುಂಬಯಿಯ ದಲ್ಲಾಳಿಗಳ ಕೈಗೆ ಯಾತ್ರಿಕನು ಸಿಕ್ಕದಂತೆ ಮಾಡುವುದು, ಹೋಗಿಬರುವ ಹಾದಿಯುದ್ದಕ್ಕೂ ಒಬ್ಬನೇ ಉತ್ತರವಾದಿ. ಹತ್ತಾರು ದುರ್ಬಲ ಮಧ್ಯವರ್ತಿಗಳ ಸ್ಥಾನದಲ್ಲಿ ಒಬ್ಬ ಪ್ರಬಲ ಮಧ್ಯವರ್ತಿಯನ್ನು ಸ್ಥಾಪಿಸಿದರೆ ಅನ್ಯಾಯವು ತೊಲಗುವುದೆಂಬುದು ಆ ಯೋಜನೆಯ ನಂಬಿಕೆ. ಹತ್ತು ವರ್ಷ ತುಂಬುವುದರೊಳಗಾಗಿ ಆ ವ್ಯವಸ್ಥೆ ನಿಂತುಹೋಯಿತು.

ವಿಫಲತೆಯ ಕಾರಣವನ್ನು ಸಂಸ್ಥೆಯ ಅದಕ್ಷತೆಗೆ ಆರೋಪಿಸುವುದು ಯುಕ್ತವಲ್ಲ. ಕುಕ್ ಸಂಸ್ಥೆಗೆ ಈ ಮಾರ್ಗದಲ್ಲಿ ಸ್ವಂತ ಹಡಗುಗಳಿರಲಿಲ್ಲ. ಪ್ರತಿ ವರ್ಷವೂ ಅನ್ಯರ ಹಡಗುಗಳನ್ನೇ ಅವಲಂಬಿಸಬೇಕಾಗಿತ್ತು. ಹಡಗಿನ ಒಡೆಯರಿಗೂ ದಲ್ಲಾಳಿಗಳಿಗೂ ಇದ್ದ ಹಳೆಯ ಬಾಂಧವ್ಯವು ಮುರಿಯಲಿಲ್ಲ. ಕುಕ್ಕನ ನಿಶ್ಚಿತ ದರಕ್ಕಿಂತ ಕೆಳಗಿಳಿದು ಟಿಕೆಟ್ಟು ಮಾರುವವರು ಕೊನೆಯ ಘಳಿಗೆಯಲ್ಲಿ ಯಾವಾಗಲೂ ಇದ್ದರು. ನಾಲ್ಕು ರೂಪಾಯಿ ಉಳಿದರೆ ಜೆದ್ದಾದಲ್ಲಿ ಎರಡು ದಿನ ಅನ್ನಕ್ಕಾದೀತೆಂದು ಎಣಿಸುವ ಬಡ ಯಾತ್ರಿಕನು ಅತ್ತ ತಿರುಗಿದುದರಲ್ಲಿ ತಪ್ಪು ಹುಡುಕುವುದು ಅಮಾನುಷವಾದೀತು. ಎಲ್ಲಕ್ಕೂ ಮಿಗಿಲಾಗಿ, ಹಿಂದಿರುಗುವ ಟಿಕೆಟ್ಟನ್ನು ಕಡ್ಡಾಯಗೊಳಿಸಲು ಸರಕಾರವು ಹಿಂಜರಿಯಿತು. ಮತಧರ್ಮದ ವಿಷಯದಲ್ಲಿ ಕೈಹಾಕಿದ ಅಪವಾದಕ್ಕೆ ಅದು ಅಂಜುತ್ತಿತ್ತು. ಹೀಗಾಗಿ ಮಧ್ಯವರ್ತಿಗೆ ಕರ್ತವ್ಯವು ದೊರೆಯಿತು, ಅದನ್ನು ನಿರ್ವಹಿಸುವುದಕ್ಕೆ ಬೇಕಾದ ಅಧಿಕಾರ ದೊರೆಯಲಿಲ್ಲ. ಏಜೆಂಟನು ಎಷ್ಟೇ ಸಜ್ಜನನಾಗಿರಲಿ, ಹಡಗಿನ ಮೇಲೆ ಅವನಿಗೆ ಹಿಡಿತವಿಲ್ಲದಿದ್ದಲ್ಲಿ ಅವನ ಆಶ್ವಾಸನೆಯು ಆಶ್ವಾಸನೆಯಾಗಿಯೇ ಉಳಿಯುತ್ತದೆಂಬ ಈ ಅಂಶವು ಇಂದಿನ ವಿಹಾರನೌಕೆಯ ಗಿರಾಕಿಗೂ ಅಕ್ಷರಶಃ ಅನ್ವಯಿಸುತ್ತದೆ.

ಮುಂದಿನ ಸುಧಾರಣೆಗಳು ಬಂದುದು ಬೇರೆ ದಿಕ್ಕಿನಿಂದ. 1920ರ ದಶಕದಲ್ಲಿ ಯಾತ್ರಿಕನು ಹಿಂದಿರುಗುವ ಟಿಕೆಟ್ಟನ್ನು ಕೊಳ್ಳಬೇಕು, ಇಲ್ಲವೆ ಅದರ ಮೊತ್ತವನ್ನು ಠೇವಣಿಯಿಡಬೇಕೆಂಬ ನಿಯಮವಾಯಿತು. 1932ರ ಕಾಯಿದೆಯಿಂದ ಮುಂಬಯಿ, ಕಲ್ಕತ್ತ, ಕರಾಚಿ ಬಂದರುಗಳಲ್ಲಿ ಹಜ್ ಸಮಿತಿಗಳು ಏರ್ಪಟ್ಟವು. ಮೊಗಲ್ ಲೈನ್ ಎಂದು ಹೆಸರಾದ ಕಂಪೆನಿಗೆ ಎದುರಾಗಿ 1937ರಲ್ಲಿ ಸಿಂಧಿಯಾ ಕಂಪೆನಿಯು ಹಜ್ ಮಾರ್ಗದಲ್ಲಿ ಹಡಗುಗಳನ್ನು ಇಳಿಸಿದಾಗ ಉಂಟಾದ ದರಸಮರದಿಂದ ಯಾತ್ರಿಕನಿಗೆ ಕೆಲಕಾಲ ಅನುಕೂಲವಾದದ್ದೂ ಉಂಟು. ಸ್ವಾತಂತ್ರ್ಯಾನಂತರ 1959ರ ಹಜ್ ಸಮಿತಿ ಕಾಯಿದೆಯೂ, ಅದರ ಸ್ಥಾನದಲ್ಲಿ 2002ರ ಕಾಯಿದೆಯೂ ಬಂದವು. ಮುಂಬಯಿಯ ಸಾಬೂ ಸಿದ್ದೀಕ್ ಮುಸಾಫಿರಖಾನೆಯಲ್ಲಿ ಗಂಟುಮೂಟೆಯೊಡನೆ ತಂಗಿ, ಹಡಗಿನ ಡೆಕ್ಕಿನಲ್ಲಿ ಚಾಪೆ ಹಾಸಿ ಕಡಲನ್ನು ದಾಟಿದವರ ಆ ಯುಗವು 1995ರಲ್ಲಿ ಮುಕ್ತಾಯವಾಯಿತು. ಅಲ್ಲಿಂದ ಮುಂದೆ ಯಾತ್ರೆಯೆಲ್ಲ ವಿಮಾನದ್ದು.

ವಾಹನವು ಬದಲಾದರೂ ಪ್ರಶ್ನೆಯು ಬದಲಾಗಲಿಲ್ಲ. ಹಜ್ ಕಮಿಟಿಯ ಮೂಲಕ ಹೋಗುವುದೋ, ಖಾಸಗಿ ಟೂರಿನವರ ಮೂಲಕ ಹೋಗುವುದೋ ಎಂಬುದು ಅರಸೀಕೆರೆ, ಬೇಲೂರು ಸೀಮೆಯಲ್ಲಿ ಹಜ್ಜಿನ ನಿಯ್ಯತ್ತು (ಸಂಕಲ್ಪ) ಮಾಡಿದ ಮನೆಗಳಲ್ಲಿ ಇಂದಿಗೂ ಮೊದಲು ಇತ್ಯರ್ಥವಾಗಬೇಕಾದ ಮಾತು. ಕಮಿಟಿಯ ದಾರಿಯಲ್ಲಿ ಒಂದೇ ಮನೆಯವರು ಒಂದೇ ಕವರಿನಲ್ಲಿ ಅರ್ಜಿ ಹಾಕಬೇಕು. ಮನೆಯ ಹಿರಿಯರೊಬ್ಬರು ಕವರ್ ಹೆಡ್ ಎನಿಸಿಕೊಳ್ಳುತ್ತಾರೆ. ಪಾಸ್‌ಪೋರ್ಟು, ಬ್ಯಾಂಕಿನ ಚಲನ್ನು, ಆರೋಗ್ಯದ ಪತ್ರ ಎಲ್ಲಕ್ಕೂ ಆ ಕವರ್ ನಂಬರೇ ಗುರುತು. ಅರ್ಜಿಗಳು ಹೆಚ್ಚಾದರೆ ಖುರಾ, ಎಂದರೆ ಚೀಟಿ, ಎತ್ತುತ್ತಾರೆ. ಹೆಸರು ಬಾರದಿದ್ದವರು ಕಾಯಬೇಕು. ಟೂರಿನವರಲ್ಲಿ ಖುರಾದ ಆತಂಕವಿಲ್ಲ, ಮಕ್ಕಾದ ಹರಮ್ ಮಸೀದಿಗೆ ಸಮೀಪದ ಕೋಣೆ, ಬಾಯಿಗೆ ಹಿಡಿಸುವ ಊಟ ದೊರೆಯುವುದುಂಟು. ವೆಚ್ಚ ಮಾತ್ರ ಅಧಿಕ. ವೃದ್ಧ ತಂದೆತಾಯಿಗಳನ್ನು ಕರೆದೊಯ್ಯುವವರು ಆ ಅಧಿಕ ವೆಚ್ಚವನ್ನು ಸಂತೋಷದಿಂದಲೇ ಭರಿಸುತ್ತಾರೆ. ಅದನ್ನು ದುಂದೆಂದು ಕರೆಯಲಾಗದು.

ಆದರೆ 2025ರಲ್ಲಿ ನಡೆದದ್ದನ್ನು ಮರೆಯುವಂತಿಲ್ಲ. ಆ ವರ್ಷ ಭಾರತಕ್ಕೆ ದೊರೆತಿದ್ದ 1,75,025 ಸ್ಥಾನಗಳಲ್ಲಿ 1,22,518 ಹಜ್ ಸಮಿತಿಗೂ 52,507 ಖಾಸಗಿ ಸಂಘಟಕರಿಗೂ ಹಂಚಿಕೆಯಾಗಿದ್ದವು. ಎಂಟುನೂರಕ್ಕೂ ಮಿಕ್ಕ ಖಾಸಗಿ ಸಂಸ್ಥೆಗಳನ್ನು 26 ಗುಂಪುಗಳನ್ನಾಗಿ ಕೂಡಿಸಲಾಗಿತ್ತು. ಮಿನಾದ ಬಿಡಾರ, ವಸತಿ, ಸಾರಿಗೆಗಳ ಕರಾರುಗಳನ್ನು ಸೌದಿ ಸರಕಾರವು ಗೊತ್ತುಪಡಿಸಿದ ಅವಧಿಯೊಳಗೆ ಆ ಗುಂಪುಗಳು ಪೂರೈಸಲಿಲ್ಲವೆಂದು ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಮಂತ್ರಾಲಯವು ತಿಳಿಸಿತು. ಮಾತುಕತೆಯ ಬಳಿಕ ಸುಮಾರು 10,000 ಯಾತ್ರಿಕರಿಗೆ ಮಾತ್ರ ಬಾಗಿಲು ಮತ್ತೆ ತೆರೆಯಿತು. ಹಣ ತೆತ್ತು, ಬಂಧುಬಳಗದವರಿಂದ ಕ್ಷಮಾಪಣೆ ಕೇಳಿ ಬೀಳ್ಕೊಳ್ಳಲು ಸಿದ್ಧರಾಗಿದ್ದ ಸಹಸ್ರಾರು ಮಂದಿ ಮನೆಯಲ್ಲೇ ಉಳಿದರು. ಅವರಲ್ಲಿ ಬಹುಜನರಿಗೆ ಸೌದಿಯಲ್ಲಿ ಕರಾರು ಮಾಡಿಕೊಳ್ಳಬೇಕಾಗಿದ್ದವರಾರೆಂಬುದೇ ಸ್ಪಷ್ಟವಿರಲಾರದು. ಅವರು ಬಲ್ಲದ್ದು ತಾವು ಹಣವಿತ್ತ ಏಜೆಂಟನ ಮುಖವನ್ನು ಮಾತ್ರ. ಮುಂಬಯಿಯ ದಲ್ಲಾಳಿಯ ಕಾಲಕ್ಕೂ ಈ ಕಾಲಕ್ಕೂ ನಡುವೆ ಶತಮಾನಕ್ಕೂ ಮೀರಿದ ಅಂತರವಿದ್ದರೂ, ಯಾತ್ರಿಕನಿಗೂ ಸೇವೆಯನ್ನು ನಿಜವಾಗಿ ಒದಗಿಸುವವನಿಗೂ ನಡುವಣ ಕತ್ತಲೆಯು ಹಾಗೆಯೇ ಉಳಿದಿರುವುದು ಮನಸ್ಸನ್ನು ನೋಯಿಸುತ್ತದೆ.

ಇನ್ನು ವಿಹಾರಕ್ಕಾಗಿಯೇ ಹಡಗೇರುವವರ ಸಂಗತಿ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕ್ರೂಸ್ ಸಂಸ್ಥೆಯ ಎಂಪ್ರೆಸ್ ನೌಕೆಯು ಮುಂಬಯಿಯಿಂದ ಸಂಚಾರವನ್ನಾರಂಭಿಸಿದಾಗ, ಅದರ ಟಿಕೆಟ್ಟುಗಳನ್ನು ಮಾರಲು ರೈಲ್ವೆಯ ಐಆರ್‌ಸಿಟಿಸಿಯೂ ಮುಂದೆ ಬಂದಿತು. ಸರಕಾರೀ ಸಂಸ್ಥೆಯೇ ಹಡಗಿನ ಏಜೆಂಟನಾದ ಈ ಉದಾಹರಣೆಯು 1886ನ್ನು ನೆನಪಿಗೆ ತರುತ್ತದೆ. ಏಜೆಂಟನಿಗೆ ಸಲ್ಲುವ ಕಮಿಷನ್ನನ್ನು ಸಾಮಾನ್ಯವಾಗಿ ಹಡಗಿನ ಕಂಪೆನಿಯೇ ಕೊಡುವುದರಿಂದ, ನೇರವಾಗಿ ಕೊಂಡರೆ ಅಗ್ಗವಾಗಲೇಬೇಕೆಂಬ ಲೋಕದ ಎಣಿಕೆಯು ಎಲ್ಲ ಸಂದರ್ಭಗಳಲ್ಲೂ ನಿಜವಲ್ಲ. ವ್ಯತ್ಯಾಸವು ಕಾಣುವುದು ಯೋಜನೆಯನ್ನು ಬದಲಾಯಿಸಬೇಕಾದಾಗ. ಏಜೆಂಟನ ಮೂಲಕ ಕಾದಿರಿಸಿದ ಕೋಣೆಯ ವಿಷಯದಲ್ಲಿ ಕಂಪೆನಿಯು ಸಾಮಾನ್ಯವಾಗಿ ಯಾತ್ರಿಕನೊಡನೆ ನೇರವಾಗಿ ಮಾತಾಡುವುದಿಲ್ಲ. ರದ್ದತಿಯಾಗಲಿ, ದಿನದ ಬದಲಾವಣೆಯಾಗಲಿ, ಏಜೆಂಟನ ಮೂಲಕವೇ ಸಾಗಬೇಕು. ಆ ಏಜೆಂಟನು ಹಾಸನದಲ್ಲೋ ಅರಸೀಕೆರೆಯಲ್ಲೋ ಅಂಗಡಿಯಿಟ್ಟುಕೊಂಡು, ಹತ್ತು ವರ್ಷ ಅದೇ ಬೀದಿಯಲ್ಲಿ ಇರುವವನಾದರೆ ಅದು ಅನುಕೂಲ. ದೂರವಾಣಿಯಲ್ಲಿ ಮಾತ್ರ ಪರಿಚಿತನಾದವನಾದರೆ ಅದೇ ಬಂಧನ. ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯವು ಏಜೆಂಟರಿಗೆ ಮಾನ್ಯತೆ ಕೊಡುವುದುಂಟಾದರೂ ಅದನ್ನು ಪಡೆಯುವುದು ಅವರವರ ಇಚ್ಛೆಗೆ ಬಿಟ್ಟದ್ದು. ಗೋಡೆಯ ಮೇಲೆ ಮಾನ್ಯತಾಪತ್ರವಿಲ್ಲದೆಯೂ ಯಾರು ಬೇಕಾದರೂ ಟಿಕೆಟ್ಟು ಮಾರಬಹುದು.

ನನ್ನ ಅಭಿಪ್ರಾಯದಲ್ಲಿ, ಮುಂಬಯಿಯಿಂದ ಹೊರಟು ಮುಂಬಯಿಗೇ ಮರಳುವ, ವೀಸಾದ ತೊಡಕಿಲ್ಲದ ನೌಕಾವಿಹಾರಕ್ಕೆ ಜಾವಗಲ್ಲಿನ ಓದು ಬಲ್ಲ ಕುಟುಂಬಕ್ಕೆ ಮಧ್ಯವರ್ತಿಯ ಅಗತ್ಯವಿಲ್ಲ. ಕಂಪೆನಿಯ ಕರಾರುಪತ್ರವನ್ನು ಓದಿ, ರದ್ದತಿಯ ಕಲಮನ್ನು ಎರಡು ಬಾರಿ ಓದಿ, ನೇರವಾಗಿ ಹಣ ಕಟ್ಟಿದರೆ ಸಾಕು. ವಿದೇಶದ ಬಂದರಿನಿಂದ ಹೊರಡುವ, ವಿಮಾನ, ವೀಸಾ, ಹೋಟೆಲುಗಳು ಒಂದಕ್ಕೊಂದು ಕೊಂಡಿಯಾಗಿರುವ ಯಾನಕ್ಕೆ, ವಿಶೇಷತಃ ವಯೋವೃದ್ಧರೊಡನೆ ಹೊರಟಾಗ, ಒಳ್ಳೆಯ ಏಜೆಂಟನು ತೆಗೆದುಕೊಳ್ಳುವ ಹಣವು ಸಾರ್ಥಕ. ಎರಡೂ ಸಂದರ್ಭದಲ್ಲಿ ನೋಡಬೇಕಾದ್ದು ರಸೀತಿಯನ್ನು: ಹಣ ಸ್ವೀಕರಿಸಿದವರು ಯಾರೆಂದು ಅದರಲ್ಲಿದೆ, ಸೇವೆಯನ್ನೊದಗಿಸುವ ಹೊಣೆ ಯಾರದೆಂದು ಕರಾರಿನಲ್ಲಿದೆ, ಮತ್ತು ಈ ಎರಡು ಹೆಸರುಗಳು ಬೇರೆಬೇರೆಯಾಗಿದ್ದಲ್ಲಿ ಎರಡನೆಯವನಿಂದ ಬಂದ ದೃಢೀಕರಣದ ಸಂಖ್ಯೆಯು ಕೈಗೆ ಬರುವವರೆಗೂ ಪೂರ್ತಿ ಹಣವನ್ನು ಬಿಟ್ಟುಕೊಡಲಾಗದು.

1886ರ ಯಾತ್ರಿಕನಿಗಿಲ್ಲದ ಒಂದು ಆಸರೆ ಇಂದಿನವನಿಗೆ ಉಂಟು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶವಿತ್ತಿದೆ. ಹಡಗಿನ ಕಚೇರಿ ಮುಂಬಯಿಯಲ್ಲಿರಲಿ, ಏಜೆಂಟನು ಬೆಂಗಳೂರಿನಲ್ಲಿರಲಿ, ಜಾವಗಲ್ಲಿನವನು ಹಾಸನದ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಕರೆಯಿಸಬಹುದು. ತೆತ್ತ ಮೊತ್ತವು ಐದು ಲಕ್ಷ ರೂಪಾಯಿಯನ್ನು ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಆದರೆ ಭಾರತದಲ್ಲಿ ಕಚೇರಿಯೇ ಇಲ್ಲದ ಪರದೇಶದ ನೌಕಾಕಂಪೆನಿಯಿಂದ ನೇರವಾಗಿ ಕೊಂಡವನಿಗೆ ಹಾಸನದ ಆದೇಶವು ದೊರೆತರೂ ಅದನ್ನು ಜಾರಿಗೆ ತರುವುದು ದುಷ್ಕರ. ಅಂಥಲ್ಲಿ ಈ ನೆಲದ ಮೇಲೆ ಅಂಗಡಿಯುಳ್ಳ ಏಜೆಂಟನೊಬ್ಬನು ಕರಾರಿನಲ್ಲಿ ಭಾಗಿಯಾಗಿರುವುದು ಗಿರಾಕಿಗೆ ದೊಡ್ಡ ಬಲ.