ಫ್ಯೂಷನ್ ಬ್ಯಾಂಡ್ ವೇದಿಕೆ ಮೇಲೆ ಮಾಡೋದೇನು? ಹರದೇಶಿ-ನಾಗೇಶಿ ಗೊತ್ತಿದ್ದವರಿಗೆ ಇದು ಕಷ್ಟವಲ್ಲ

ವಿಜಯಪುರ: ಉತ್ಸವ, ಕಾಲೇಜ್ ಗ್ಯಾದರಿಂಗ್ ಯಾವುದೇ ಇರಲಿ, ಆಮಂತ್ರಣ ಪತ್ರಿಕೆಯಲ್ಲಿ 'ಫ್ಯೂಷನ್ ಸಂಗೀತ' ಅಂತ ಒಂದು ಸಾಲು ಈಗ ಸಾಮಾನ್ಯ. ಜನ ಬಂದು ಕೂಡ್ತಾರೆ. ಅರ್ಧ ತಾಸು ಗಿಟಾರು, ಡ್ರಮ್ಸ್ ನಡೆದ ಮೇಲೆ ಪಕ್ಕದವರನ್ನ ಕೇಳ್ತಾರೆ: "ಹಾಡು ಯಾವಾಗ ಚಾಲೂ ಆಗ್ತದರೀ?" ತಪ್ಪು ಕೇಳುವವರದ್ದಲ್ಲ. ನಮ್ಮ ಕಡೆ ಜಾತ್ರೆಯ ರಸಮಂಜರಿಯೇ ಎಲ್ಲರಿಗೂ ಗೊತ್ತಿರೋ ಲೈವ್ ಸಂಗೀತ. ಅಲ್ಲಿ ಸಿನಿಮಾ ಹಾಡನ್ನ ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ ಹಾಡಿದ್ರೆ ಶಭಾಶ್. ಜಾಝ್-ರಾಕ್ ಫ್ಯೂಷನ್‌ನಲ್ಲಿ ಇದಕ್ಕೆ ಉಲ್ಟಾ. ನಿನ್ನೆ ಬಾರಿಸಿದ ಹಾಗೇ ಇವತ್ತೂ ಬಾರಿಸಿದ್ರೆ ಅದು ಸೋತ ಹಾಗೆ.

ಎಲ್ಲಿಂದ ಬಂತು

ಜಾಝ್ ಅಮೆರಿಕದ ಕರಿಯ ಜನರ ಸಂಗೀತ. 1960ರ ದಶಕದ ಕೊನೆಗೆ ಅಲ್ಲಿನ ಹುಡುಗರೆಲ್ಲ ರಾಕ್ ಕಡೆ ಹೊರಳಿದ್ರು. ಆಗ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ತಮ್ಮ ಜಾಝ್ ತಂಡಕ್ಕೆ ಕರೆಂಟಿನ ಗಿಟಾರು, ಕರೆಂಟಿನ ಪಿಯಾನೊ ಸೇರಿಸಿದರು. 1969ರಲ್ಲಿ ರೆಕಾರ್ಡ್ ಮಾಡಿ 1970ರಲ್ಲಿ ಹೊರಬಂದ 'ಬಿಚಸ್ ಬ್ರೂ' ಈ ದಾರಿಯ ದೊಡ್ಡ ಗುರುತು. ಅದರಲ್ಲಿ ಗಿಟಾರ್ ಬಾರಿಸಿದ ಇಂಗ್ಲೆಂಡಿನ ಜಾನ್ ಮೆಕ್ಲಾಫ್ಲಿನ್ 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ಹೆಸರು ಕೇಳಿ ಭಜನಾ ಮಂಡಳಿ ಅಂದುಕೊಂಡ್ರೆ ಕಿವಿ ಹರಿದುಹೋದೀತು, ಅಷ್ಟು ಜೋರು. 'ಮಹಾವಿಷ್ಣು' ಅನ್ನೋದು ಅವರ ಗುರು ಶ್ರೀ ಚಿನ್ಮಯ್ ಕೊಟ್ಟ ಹೆಸರು.

ಆಮೇಲೆ ಮೆಕ್ಲಾಫ್ಲಿನ್ ಕರೆಂಟಿನ ಗಿಟಾರು ಬದಿಗಿಟ್ಟು ಜಾಕಿರ್ ಹುಸೇನ್ (ತಬಲಾ), ಎಲ್. ಶಂಕರ್ (ವಯಲಿನ್), ವಿಕ್ಕು ವಿನಾಯಕರಾಮ್ (ಘಟ) ಜೊತೆ 'ಶಕ್ತಿ' ತಂಡ ಕಟ್ಟಿದರು. ಶಕ್ತಿಯ ಮೊದಲ ಆಲ್ಬಮ್ಮೇ ಲೈವ್. 1975ರ ಜುಲೈ 5ರಂದು ಅಮೆರಿಕದ ಲಾಂಗ್ ಐಲೆಂಡಿನ ಒಂದು ಕಾಲೇಜಿನಲ್ಲಿ ನಡೆದ ಕಛೇರಿ ಅದು.

ವೇದಿಕೆ ಮೇಲೆ ನಡೆಯೋದು

ಮೊದಲು ಎಲ್ಲರೂ ಸೇರಿ ಒಂದು ಧಾಟಿ ಬಾರಿಸ್ತಾರೆ. ಬ್ಯಾಂಡಿನವರು ಇದನ್ನ 'ಹೆಡ್' ಅಂತಾರೆ. ನಮ್ಮ ಲೆಕ್ಕದಲ್ಲಿ ಬಂದಿಶ್ ಅನ್ನಿ, ಪಲ್ಲವಿ ಅನ್ನಿ. ಅದು ಎರಡೇ ನಿಮಿಷ. ಆಮೇಲೆ ಒಬ್ಬೊಬ್ಬರೇ ಮುಂದೆ ಬಂದು ಆ ಧಾಟಿಯನ್ನ ಬೆಳೆಸ್ತಾರೆ, ಮುರೀತಾರೆ, ಎಲ್ಲೆಲ್ಲೋ ಹೋಗಿ ಬರ್ತಾರೆ. ಇದು 'ಸೋಲೊ'. ಇದ್ಯಾವುದೂ ಬರೆದಿಟ್ಟಿದ್ದಲ್ಲ, ಅಲ್ಲೇ ಹುಟ್ಟೋದು. ಆ ಹೊತ್ತಿನಲ್ಲಿ ಬೇಸ್ ಗಿಟಾರು ಮತ್ತು ಡ್ರಮ್ಸ್ ಠೇಕಾ ಹಿಡಿದಿರ್ತಾವೆ. ಆದರೆ ತಬಲಾ ಸಾಥಿಯ ಹಾಗೆ ಸುಮ್ಮನೆ ಹಿಡಿದಿರೋದಿಲ್ಲ, ನಡುನಡುವೆ ಕೆಣಕ್ತಾವೆ. ಕೊನೆಗೆ ಯಾರೋ ಒಬ್ಬರು ಕಣ್ಣು ಹೊಡೆದು, ಇಲ್ಲಾ ಗಿಟಾರಿನ ಕುತ್ತಿಗೆ ಮೇಲೆತ್ತಿ ಸನ್ನೆ ಮಾಡ್ತಾರೆ. ಎಲ್ಲರೂ ಒಟ್ಟಿಗೇ ಧಾಟಿಗೆ ಮರಳಬೇಕು. ಆ ಸನ್ನೆ ನೋಡೋದೇ ಲೈವ್‌ನ ಮಜಾ, ಫೋನಿನಲ್ಲಿ ಕೇಳಿದ್ರೆ ಅದು ಸಿಗೋದಿಲ್ಲ.

ಇಬ್ಬರು ವಾದಕರು ಪಾಳಿ ಹಚ್ಚಿ ಒಬ್ಬರಿಗೊಬ್ಬರು ಉತ್ತರ ಕೊಡೋದೂ ಇರ್ತದೆ. ಮೊದಲು ಉದ್ದುದ್ದ ಸವಾಲು, ಆಮೇಲೆ ಗಿಡ್ಡ, ಕೊನೆಗೆ ಒಂದೊಂದೇ ಏಟು. ಹರದೇಶಿ-ನಾಗೇಶಿ ಪದ ಕೇಳಿದ ನಮ್ಮ ಜಿಲ್ಲೆಯ ಯಾರಿಗೂ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮಾತಿನಲ್ಲಿ ಸಿಕ್ಕಿಸಿ ಹಾಕ್ತಾರೆ, ಇಲ್ಲಿ ಲಯದಲ್ಲಿ.

ಲಯ ಹೊಸಬರನ್ನ ತಪ್ಪಿಸೋ ಜಾಗ. ಸಿನಿಮಾ ಹಾಡು ಬಹುತೇಕ ನಾಲ್ಕರ ಎಣಿಕೆ, ಚಪ್ಪಾಳೆ ತಾನಾಗೇ ಬೀಳ್ತದೆ. ಫ್ಯೂಷನ್‌ನವರು ಏಳು, ಒಂಬತ್ತು, ಹನ್ನೊಂದು ಅಂತ ಹೋಗ್ತಾರೆ. ಹೆದರಬೇಡಿ. ಏಳಕ್ಕೆ 'ತಕಿಟ ತಕಧಿಮಿ' ಅಂತ ಬಾಯಲ್ಲಿ ಹೇಳ್ತಾ ಇರಿ, ಮೂರು ಮತ್ತು ನಾಲ್ಕು, ಸರಿಹೋಗ್ತದೆ. ಭಜನೆಯಲ್ಲಿ ರೂಪಕ ತಾಳ ಹಿಡಿದವರು ಏಳನ್ನ ಆಗಲೇ ಎಣಿಸಿದ್ದಾರೆ. ಸೋಲೊ ಮುಗಿದ ತಕ್ಷಣ, ಸಂಗೀತ ನಡೀತಿದ್ರೂ, ಚಪ್ಪಾಳೆ ಹೊಡೆಯೋದು ಇಲ್ಲಿ ಪದ್ಧತಿ. ಯಾರೂ ತಪ್ಪು ತಿಳಿಯೋದಿಲ್ಲ.

ಕರ್ನಾಟಕದ ಪಾಲು

ಫ್ಯೂಷನ್ ಅಂದ್ರೆ ಬೆಂಗಳೂರಿನ ಪಬ್ಬಿನ ಹುಡುಗರ ಹೊಸ ಹುಚ್ಚು ಅಂತ ನಮ್ಮಲ್ಲಿ ಒಂದು ಮಾತು. ಅದು ಸುಳ್ಳು. ಬೆಂಗಳೂರಿನಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅನ್ನೋ ತಾಳವಾದ್ಯ ಶಾಲೆ ನಲವತ್ತು ವರ್ಷಕ್ಕೂ ಹಿಂದೆಯೇ ಯುರೋಪಿನ ಜಾಝ್-ರಾಕ್ ಬ್ಯಾಂಡುಗಳ ಜೊತೆ ಸರಿಸಮ ಕೂತು ಬಾರಿಸಿತ್ತು.

ಜರ್ಮನಿಯ ಮ್ಯೂನಿಕ್ಕಿನ 'ಎಂಬ್ರಿಯೊ' 1969ರಲ್ಲಿ ಹುಟ್ಟಿದ ಜಾಝ್-ರಾಕ್ ಬ್ಯಾಂಡು. ಆ ತಂಡದವರು 1978ರಲ್ಲಿ ಬಸ್ ಹತ್ತಿ ರಸ್ತೆ ಮೇಲೇ ಭಾರತಕ್ಕೆ ಬಂದರು. ಅಫ್ಘಾನಿಸ್ತಾನ ದಾಟಿ ಬಂದ ಪ್ರಯಾಣ ಅದು. ದಾರಿಯುದ್ದಕ್ಕೂ ಸಿಕ್ಕ ಕಲಾವಿದರ ಜೊತೆ ಬಾರಿಸ್ತಾ ಬಂದರು. ಮಣಿಯವರ ಶಾಲೆಯ ಜೊತೆ ಸೇರಿ ಅವರು ಮಾಡಿದ ರೆಕಾರ್ಡಿಗೆ ಎರಡೂ ತಂಡದ ಹೆಸರಿದೆ. ಎಂಬ್ರಿಯೊದಿಂದ ಹೊರಬಂದವರು ಕಟ್ಟಿದ 'ಡಿಸಿಡೆಂಟನ್' ತಂಡವೂ 1982ರ 'ಜರ್ಮನಿಸ್ತಾನ್' ಆಲ್ಬಮ್ಮಿನಲ್ಲಿ ಇದೇ ಶಾಲೆಯವರನ್ನ ಕೂಡಿಸಿಕೊಂಡಿತು.

ಇನ್ನೊಬ್ಬರು ಚಾರ್ಲಿ ಮರಿಯಾನೊ. ಬೋಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ, ನಾಗಸ್ವರವನ್ನೂ ಕಲಿತಿದ್ದರು. ಅವರ ಮತ್ತು ಮಣಿ ತಂಡದ 'ಜ್ಯೋತಿ' 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ಅದರಲ್ಲಿ ಡ್ರಮ್ ಸೆಟ್ ಇಲ್ಲ, ಗಿಟಾರ್ ಇಲ್ಲ. ಆರ್.ಎ. ರಮಾಮಣಿಯವರ ದನಿ ಮತ್ತು ಮರಿಯಾನೊ ಸ್ಯಾಕ್ಸೊಫೋನು ಒಂದರ ಹಿಂದೆ ಒಂದು ಸಾಗ್ತಾವೆ. ಯಾರು ಯಾರಿಗೆ ಸಾಥ್ ಅಂತ ಹೇಳೋದು ಕಷ್ಟ.

ಸ್ಯಾಕ್ಸೊಫೋನ್ ಅಂದ ಮೇಲೆ ಕದ್ರಿ ಗೋಪಾಲನಾಥರನ್ನ ಬಿಡೋ ಹಾಗಿಲ್ಲ. ದಕ್ಷಿಣ ಕನ್ನಡದವರು, 2019ರಲ್ಲಿ ತೀರಿಕೊಂಡರು. 1980ರಲ್ಲಿ ಮುಂಬೈ ಜಾಝ್ ಉತ್ಸವದಲ್ಲಿ ಇವರನ್ನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ನಾನೂ ವೇದಿಕೆಗೆ ಬರಲೇ ಅಂತ ಕೇಳಿ ಜೊತೆಗೆ ಬಾರಿಸಿದರು. ಮುಂದೆ 2008ರಲ್ಲಿ ಅಮೆರಿಕದ ರುದ್ರೇಶ್ ಮಹಾಂತಪ್ಪ ಅವರ ಜೊತೆ 'ಕಿನ್ಸ್‌ಮನ್' ಬಂತು. ಅದರಲ್ಲಿ ಎರಡು ಸ್ಯಾಕ್ಸೊಫೋನು, ಗಿಟಾರು, ವಯಲಿನ್, ಮೃದಂಗ, ಡ್ರಮ್ಸ್ ಎಲ್ಲ ಒಂದೇ ತಂಡದಲ್ಲಿ.

ಬೆಂಗಳೂರಿನದೇ ಬ್ಯಾಂಡು ಬೇಕಂದ್ರೆ 1996ರಲ್ಲಿ ಶುರುವಾದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ಇದೆ. ರಾಕ್, ಜಾಝ್, ಫಂಕ್ ಕಲಸಿ ಬಾರಿಸೋರು. ಶಕ್ತಿ ತಂಡ ತನ್ನ 50ನೇ ವರ್ಷದ ಪ್ರವಾಸದಲ್ಲಿ 2023ರ ಜನವರಿಯಲ್ಲಿ ಬೆಂಗಳೂರಿಗೆ ಬಂದಾಗ ಮೆಕ್ಲಾಫ್ಲಿನ್‌ಗೆ 81. ಮುಂದಿನ ವರ್ಷ ಅದರ 'ದಿಸ್ ಮೊಮೆಂಟ್' ಆಲ್ಬಮ್‌ಗೆ ಗ್ರ್ಯಾಮಿ ಸಿಕ್ಕಿತು. 2024ರ ಡಿಸೆಂಬರ್ 15ರಂದು ಜಾಕಿರ್ ಹುಸೇನ್ ತೀರಿಕೊಂಡರು.

ನಮ್ಮೂರಿನ ವೇದಿಕೆ

ಕಲಸೋ ಕೆಲಸ ವಿಜಯಪುರಕ್ಕೆ ಹೊಸದಲ್ಲ. ತಿಕೋಟಾಕ್ಕೆ ಹೋಗುವಾಗ ಸಿಗೋ ತೊರವಿ ಹತ್ತಿರ ಸಂಗೀತ ಮಹಲಿನ ಅವಶೇಷ ನಿಂತಿದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ಶುರುಮಾಡಿದ ನವರಸಪುರ ಅದು. ಆ ಸುಲ್ತಾನ ದಖನಿ ಭಾಷೆಯಲ್ಲಿ ಬರೆದ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿ, ಗಣಪತಿ, ಕಲಬುರಗಿಯ ಬಂದೇನವಾಜ್ ಮೂವರ ಸ್ತುತಿಯೂ ಇದೆ, ರಾಗದ ಹೆಸರಿನ ಸಮೇತ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ.

ಈಗಿನ ಮಾತು ಸೌಂಡಿನದು. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಏಳು ಸಲ ಮರಳ್ತದೆ ಅಂತ ಗೈಡುಗಳು ಹೇಳ್ತಾರೆ. ಅಲ್ಲಿ ಡ್ರಮ್ಸ್ ಬಾರಿಸಿದ್ರೆ ಮೊದಲ ಏಟಿನ ಮಾರ್ದನಿ ಮುಗಿಯೋದ್ರೊಳಗೆ ಹತ್ತು ಏಟು ಬಿದ್ದಿರ್ತಾವೆ, ಎಲ್ಲ ಕಲಸಿ ಗದ್ದಲ. ತಗಡಿನ ಕಲ್ಯಾಣ ಮಂಟಪದಲ್ಲೂ ಸಣ್ಣ ಪ್ರಮಾಣದಲ್ಲಿ ಇದೇ ಆಗೋದು. ಫ್ಯೂಷನ್‌ಗೆ ಬಯಲು ಒಳ್ಳೇದು. ಇನ್ನೊಂದು, ವಾದಕರ ಕಡೆ ಮುಖ ಮಾಡಿದ ಮಾನಿಟರ್ ಬಾಕ್ಸ್ ಬೇಕೇ ಬೇಕು. ಅದಿಲ್ಲದಿದ್ರೆ ಒಬ್ಬರು ಬಾರಿಸಿದ್ದು ಇನ್ನೊಬ್ಬರಿಗೆ ಕೇಳೋದಿಲ್ಲ, ಸವಾಲಿಗೆ ಜವಾಬು ಎಲ್ಲಿಂದ ಬರಬೇಕು? ಡಿಜೆ ಬಾಕ್ಸ್ ನಾಲ್ಕು ಹೆಚ್ಚಿಗೆ ಇಟ್ರೆ ಈ ಕೊರತೆ ತುಂಬೋದಿಲ್ಲ.

ಈಗ ಮುಖ್ಯ ವಿಷಯ. ಹೊರಗಿನ ಫ್ಯೂಷನ್ ಬ್ಯಾಂಡು ಬಂದಾಗ ಸ್ಥಳೀಯ ಕರಡಿ ಮಜಲು, ಚೌಡಕಿ, ಹಲಗಿ ಕಲಾವಿದರನ್ನ ಐದು ನಿಮಿಷ ವೇದಿಕೆಗೆ ಹತ್ತಿಸೋ ರೂಢಿ ಇದೆ. ಬ್ಯಾನರಿನಲ್ಲಿ ಬ್ಯಾಂಡಿನ ಹುಡುಗರಿಗೆಲ್ಲ ಫೋಟೊ, ಇವರು 'ಮತ್ತು ಜಾನಪದ ಕಲಾವಿದರು'. ಸೌಂಡ್ ಚೆಕ್ಕಿಗೆ ಕರೆಯೋದಿಲ್ಲ, ಮೈಕು ಅವರ ಮುಂದೆ ಇರೋದಿಲ್ಲ. ಆಮೇಲೆ "ಹಲಗಿ ಕೇಳಿಸಲೇ ಇಲ್ಲ" ಅಂತ ಮಾತು. ಇದು ಫ್ಯೂಷನ್ ಅಲ್ಲ, ಮೆರವಣಿಗೆ. 1983ರಲ್ಲಿ ಜರ್ಮನಿಯ ಕಂಪನಿಯೊಂದು ಬೆಂಗಳೂರಿನ ತಾಳವಾದ್ಯ ಶಾಲೆಯ ಹೆಸರನ್ನ ಸ್ಯಾಕ್ಸೊಫೋನ್ ವಾದಕನ ಹೆಸರಿನ ಜೊತೆ ಮುಖಪುಟದ ಮೇಲೇ ಹಾಕಿತ್ತು. ನಮ್ಮ ಪತ್ರಿಕೆ ಅಚ್ಚು ಹಾಕಿಸೋರಿಗೆ ಒಂದು ಸಾಲು ಹೆಚ್ಚಿಗೆ ಕಷ್ಟವೇ?

ಬಬಲೇಶ್ವರ, ತಿಕೋಟಾ ಕಡೆಯ ತಂಡದವರು ಇಂಥ ಕಾರ್ಯಕ್ರಮಕ್ಕೆ ಒಪ್ಪೋ ಮುಂಚೆ ಇಷ್ಟು ಕೇಳಿಕೊಳ್ಳಿ: ಬ್ಯಾಂಡಿನ ಜೊತೆ ಒಂದು ದಿನವಾದ್ರೂ ಪ್ರಾಕ್ಟೀಸ್ ಇದೆಯಾ, ಯಾವ ಎಣಿಕೆಯಲ್ಲಿ ಬಾರಿಸ್ತಾರೆ, ಸಂಭಾವನೆ ಎಷ್ಟು, ಯಾವಾಗ, ಹೆಸರು ಎಲ್ಲಿ ಹಾಕ್ತಾರೆ. ಹಲಗಿ ಕಾಯಿಸೋಕೆ ವೇದಿಕೆ ಹಿಂದೆ ಬೆಂಕಿಗೆ ಜಾಗ ಬೇಕು ಅನ್ನೋದನ್ನೂ ಮೊದಲೇ ಹೇಳಿಬಿಡಿ. ಶಾಮಿಯಾನದವರು ಕೊನೇ ಗಳಿಗೆಗೆ ಒಪ್ಪೋದಿಲ್ಲ.