ಮಣೆಯಾಟಗಳ ಪೂರ್ವೋತ್ತರ

ಪಗಡೆ, ಚೌಕಾಬಾರ, ಅಳಗುಳಿಮಣೆ, ಆಡು-ಹುಲಿ ಮೊದಲಾದ ಮಣೆಯಾಟಗಳ ವಿಷಯದಲ್ಲಿ ನಮ್ಮ ಜನರ ಮನಸ್ಸು ಎಂದೂ ಒಂದು ಕಡೆಗೆ ನಿಂತುದಿಲ್ಲ. ಹಬ್ಬದ ಮಧ್ಯಾಹ್ನ ಊಟವಾದ ಮೇಲೆ ಕವಡೆಯ ಚೀಲವನ್ನು ತಾವೇ ಕೇಳಿ ತರಿಸಿಕೊಳ್ಳುವ ಹಿರಿಯರು ಮಾರನೆಯ ದಿನ ಅದನ್ನೇ ಮಕ್ಕಳ ಕೈಯಲ್ಲಿ ಕಂಡರೆ ಮನೆಗೆ ದಾರಿದ್ರ್ಯ ಬಂದಿತೆಂದು ಗದರುವರು. ವೈಕುಂಠ ಏಕಾದಶಿಯ ಜಾಗರಣೆಗೆ ಪರಮಪದಸೋಪಾನದ ಪಟ ಬೇಕು. ಬಲಿಪಾಡ್ಯಮಿಗೆ ದ್ಯೂತಪ್ರತಿಪದೆಯೆಂಬ ಹೆಸರೇ ಉಂಟು. ಆದರೂ ಜೂಜೆಂಬ ಮಾತು ಮನೆಯೊಳಗೆ ಕೇಳಿಸಕೂಡದು. ಈ ಇಬ್ಬಗೆಯ ಭಾವವು ಎಲ್ಲಿಂದ ಬಂದಿತು, ಅದರ ಭಾರವನ್ನು ಹೊತ್ತವರು ಯಾರು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ನಿಂದೆಯು ಬಹು ಹಳೆಯದು. ಋಗ್ವೇದದ ಹತ್ತನೆಯ ಮಂಡಲದ ೩೪ನೆಯ ಸೂಕ್ತದಲ್ಲಿ ಜೂಜುಗಾರನೇ ಬಾಯಿಬಿಟ್ಟು ತನ್ನ ಕಥೆಯನ್ನು ಹೇಳಿಕೊಳ್ಳುತ್ತಾನೆ. ಅವನ ದಾಳಗಳು ತಾರೆಯ ಮರದ ಕಾಯಿಗಳು. ಹೆಂಡತಿ ದೂರವಾದಳು, ಅತ್ತೆ ಹಗೆಯಾದಳು. ಇನ್ನು ಆಡೆನೆಂದು ನಿಶ್ಚಯಿಸಿದವನ ಕಾಲು ಕಾಯಿಗಳ ಸದ್ದು ಕೇಳಿದೊಡನೆ ಮತ್ತೆ ಅತ್ತಲೇ ನಡೆಯುವುದು. ಇನ್ನು ಮಹಾಭಾರತದ ಸಭಾಪರ್ವವನ್ನು ಅರಿಯದ ಕನ್ನಡಿಗರಿಲ್ಲ. ಶಕುನಿಯ ದಾಳಗಳು ಅವನ ತಂದೆಯ ಎಲುಬಿನಿಂದಾದವೆಂದು ನಮ್ಮ ಅಜ್ಜಿಯರು ಹೇಳುವರಷ್ಟೆ. ಆ ಕಥೆ ವ್ಯಾಸಭಾರತದಲ್ಲಿಲ್ಲ. ಆದರೆ ವ್ಯಾಸಭಾರತದಲ್ಲಿರುವ, ಅಜ್ಜಿಯರು ಅಷ್ಟಾಗಿ ಹೇಳದ ಸಂಗತಿಯೊಂದುಂಟು. ರಾಜ್ಯವನ್ನು ಪಣವಾಗಿಟ್ಟು ಕಾಡು ಸೇರಿದ ಧರ್ಮರಾಯನಿಗೆ ಬೃಹದಶ್ವನೆಂಬ ಋಷಿಯು ನಳನ ಕಥೆಯನ್ನು ಹೇಳಿ ಕೊನೆಯಲ್ಲಿ ಅಕ್ಷಹೃದಯವನ್ನು, ಅಂದರೆ ದಾಳದ ಮರ್ಮವನ್ನು, ಉಪದೇಶಿಸುತ್ತಾನೆ. ಆಡಬೇಡವೆಂದಲ್ಲ, ಚೆನ್ನಾಗಿ ಆಡುವುದನ್ನು ಕಲಿ ಎಂದು! ಅಜ್ಞಾತವಾಸದಲ್ಲಿ ಧರ್ಮರಾಯನು ವಿರಾಟನ ಮನೆಯಲ್ಲಿ ಕಂಕನೆಂಬ ಹೆಸರಿನಿಂದ ಅನ್ನ ಸಂಪಾದಿಸಿದ್ದು ಈ ವಿದ್ಯೆಯಿಂದಲೇ. ವಿರಾಟನು ಸಿಟ್ಟಿನಿಂದ ದಾಳವನ್ನು ಮುಖಕ್ಕೆ ಎಸೆದು ರಕ್ತ ಬರಿಸಿದ ದಿನವೂ ಉಂಟು. ಇದನ್ನು ಬರೆದ ಕವಿಗೆ ದಾಳದ ಮೇಲೆ ಬರಿಯ ದ್ವೇಷವಿದ್ದಿತೆಂದು ಹೇಳಲಾಗದು.

ಧರ್ಮಶಾಸ್ತ್ರದಲ್ಲಿಯೂ ಒಮ್ಮತವಿಲ್ಲ. ಮನುವು ದ್ಯೂತವನ್ನು ರಾಜ್ಯದಿಂದಲೇ ಹೊರಡಿಸಬೇಕೆಂದನು. ಯಾಜ್ಞವಲ್ಕ್ಯನು ಹಾಗೆನ್ನದೆ ಜೂಜಿನ ಮನೆಯನ್ನು ನಡೆಯಿಸುವ ಸಭಿಕನಿಗೆ ದೊಡ್ಡ ಪಣದಲ್ಲಿ ನೂರಕ್ಕೆ ಐದು, ಉಳಿದುದರಲ್ಲಿ ನೂರಕ್ಕೆ ಹತ್ತು ಎಂದು ಪಾಲು ಗೊತ್ತುಮಾಡಿ, ಅದರಲ್ಲಿ ಅರಸನಿಗೂ ಭಾಗವನ್ನು ಹೇಳಿದನು. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯೆಯನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು, ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದವನು. ಆ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಚತುರಂಗಕ್ಕೂ ಪಗಡೆಗೂ ಕವಡೆಯಾಟಕ್ಕೂ ಬೇರೆ ಬೇರೆಯಾಗಿ ಸ್ಥಳವನ್ನು ಕೊಟ್ಟಿದ್ದಾನೆ. ತಂದೆಯ ಆಸ್ಥಾನದಲ್ಲಿ ದ್ಯೂತದ ವ್ಯವಹಾರನಿರ್ಣಯ, ಮಗನ ಕೃತಿಯಲ್ಲಿ ಅದರ ವಿನೋದ! ಒಂದೇ ಊರು, ಒಂದೇ ಮನೆ, ನಡುವೆ ಒಂದು ತಲೆಮಾರು. ಎಲ್ಲೋರದ ೨೧ನೆಯ ಗುಹೆಯಲ್ಲಂತೂ ಶಿವಪಾರ್ವತಿಯರೇ ಪಗಡೆಗೆ ಕುಳಿತಿದ್ದಾರೆ.

ಗ್ರಂಥಗಳ ಮಾತು ಇಷ್ಟು ಸಾಕು. ಗ್ರಂಥಗಳೆಲ್ಲವೂ ಪಣವುಳ್ಳವರನ್ನು, ಎಂದರೆ ಕಳೆದುಕೊಳ್ಳಲು ಏನಾದರೂ ಇದ್ದ ಗಂಡಸರನ್ನು ಕುರಿತವು. ಮಣೆಯನ್ನು ನಿತ್ಯವೂ ಹಾಸಿದವರು ಅವರಲ್ಲ. ಈ ಭೇದವನ್ನು ನಾನು ಪುಸ್ತಕದಿಂದ ಅರಿತವನಲ್ಲ.

ಮಲೆನಾಡಿನ ನಮ್ಮ ಮನೆಯಲ್ಲಿ ನನ್ನ ಸೋದರತ್ತೆಯೊಬ್ಬರಿದ್ದರು. ಹದಿನೆಂಟು ತುಂಬುವ ಮುನ್ನವೇ ವೈಧವ್ಯವನ್ನು ಹೊತ್ತು ತವರಿಗೆ ಬಂದವರು. ಮಂಗಳಕಾರ್ಯಗಳಲ್ಲಿ ಅವರು ಹಿತ್ತಲ ಬಾಗಿಲಿನ ಈಚೆಗೆ ಬರುತ್ತಿರಲಿಲ್ಲ. ಮನೆಯ ಲೆಕ್ಕಾಚಾರದಲ್ಲಿ ಅವರ ಮಾತನ್ನು ಕೇಳಿದವರಿಲ್ಲ. ಆದರೆ ಮಳೆಗಾಲದ ಮಧ್ಯಾಹ್ನ ಜಗಲಿಯ ಮೇಲೆ ಚೌಕಾಬಾರದ ಮನೆಗಳನ್ನು ಬರೆದು ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿದರೆಂದರೆ, ನಮ್ಮ ದೊಡ್ಡಪ್ಪಂದಿರೂ ತಮ್ಮ ಸರದಿ ಬರುವವರೆಗೆ ಅವರ ಮುಖವನ್ನೇ ನೋಡುತ್ತ ಕುಳಿತಿರಬೇಕಾಗಿದ್ದಿತು.

ಆಟವನ್ನು ಮರೆತಿರುವ ತರುಣ ವಾಚಕರಿಗಾಗಿ ಎರಡು ಮಾತು. ಐದಕ್ಕೆ ಐದರಂತೆ ೨೫ ಮನೆಗಳು. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೆರೆ ಎಳೆದರೆ ಅವು ಕಟ್ಟೆಗಳು, ಅಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹೊರಸುತ್ತಿನ ೧೬ ಮನೆಗಳನ್ನು ಬಳಸಿ, ಒಳಸುತ್ತಿನ ೮ ಮನೆಗಳನ್ನು ಎದುರು ದಿಕ್ಕಿನಲ್ಲಿ ತಿರುಗಿ, ನಡುಮನೆ ಸೇರಿದ ಕಾಯಿ ಹಣ್ಣಾಯಿತು. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಪರಮಸಾಧುವಾಗಿ ಆಡುವೆನೆಂಬವನು ಹೊರಗೇ ಉಳಿಯಬೇಕು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅದಕ್ಕೆ ಎಂಟು. (ಬಾರವೆಂದರೆ ಹನ್ನೆರಡಲ್ಲವೆ ಎಂದು ಹಿಂದೂಸ್ಥಾನಿ ಬಲ್ಲವರು ಕೇಳುವರು, ಕವಡೆಗೆ ವ್ಯಾಕರಣವಿಲ್ಲ.) ಕವಡೆಯ ಎರಡು ಮಗ್ಗುಲೂ ಸಮವಾಗಿ ಬೀಳುವುವೆಂದು ಇಟ್ಟುಕೊಂಡರೆ ಹದಿನಾರು ಬಗೆಯ ಗರಗಳಲ್ಲಿ ಆರು ಬಾರಿ ಎರಡು, ನಾಲ್ಕು ನಾಲ್ಕು ಬಾರಿ ಒಂದು ಮತ್ತು ಮೂರು, ಒಂದೊಂದೇ ಬಾರಿ ಚೌಕ ಮತ್ತು ಬಾರ. ಆದರೆ ಯಾವ ಕವಡೆಯೂ ಸಮವಾಗಿ ಬೀಳದು. ಪ್ರತಿಯೊಂದಕ್ಕೂ ಅದರದೇ ವಕ್ರತೆಯುಂಟು. ಗಣಿತದ ಮುಖವನ್ನು ಕಾಣದ ನಮ್ಮತ್ತೆ ತಮ್ಮ ನಾಲ್ಕು ಕವಡೆಗಳ ಸ್ವಭಾವವನ್ನು ಬಲ್ಲವರಾಗಿದ್ದರು. ಎರಡು ಬೀಳುವ ಮನೆಯಲ್ಲಿ ಎದುರಾಳಿಯ ಕಾಯಿ ಬಂದು ನಿಲ್ಲುವವರೆಗೆ ತಾಳುತ್ತಿದ್ದರು.

ನನಗೆ ಆಟ ಪ್ರಿಯವಾಗಿದ್ದಿತೆಂದು ಹೇಳಿದರೆ ಅರ್ಧಸತ್ಯವಾದೀತು. ಒಳಸುತ್ತಿನ ಬಾಗಿಲಿಗೆ ಬಂದ ನನ್ನ ಕಾಯಿಯನ್ನು ಅವರು ನಗುತ್ತ ಹೊಡೆದು ಮೊದಲಿನ ಮನೆಗೆ ಕಳುಹಿಸಿದಾಗ ಆಗುತ್ತಿದ್ದ ಉರಿ ಈಗಲೂ ನೆನಪಿಗೆ ಬರುವುದು. ಬೇರೆ ಹೊತ್ತಿನಲ್ಲಿ ಮೊಸರಿನ ಕೆನೆಯನ್ನು ಬಚ್ಚಿಟ್ಟು ಕೊಡುತ್ತಿದ್ದ ಕೈ ಮಣೆಯ ಮುಂದೆ ದಯೆಯನ್ನೇ ಅರಿಯದಾಗುತ್ತಿದ್ದಿತು. ಅದು ಕ್ರೌರ್ಯವೆಂದು ಆಗ ತಿಳಿದಿದ್ದೆ. ನನ್ನನ್ನು ಮಗುವೆಂದು ಬಿಟ್ಟುಕೊಡದೆ ಸರಿಸಮನಾಗಿ ಕಂಡ ಹಿರಿಯರು ಆ ಮನೆಯಲ್ಲಿ ಅವರೊಬ್ಬರೇ ಎಂಬುದೂ ಅಷ್ಟೇ ನಿಜ.

ಇಷ್ಟರಲ್ಲಿ ನಮ್ಮ ಮನೆಯ ಹಿರಿಯರೊಬ್ಬರು ಇಸ್ಪೀಟಿನ ಪಣಕ್ಕೆ ಅಡಕೆಯ ತೋಟದ ಒಂದು ಪಾಲನ್ನು ಕಳೆದರು. ಅವರು ಆಡಿದ್ದು ಪೇಟೆಯಲ್ಲಿ, ಮಿತ್ರರೊಡನೆ, ರಾತ್ರಿಯ ಹೊತ್ತು. ಆದರೆ ಸುದ್ದಿ ಬಂದ ದಿನ ಅಟ್ಟವನ್ನು ಸೇರಿದವು ಯಾವುವು? ನಮ್ಮತ್ತೆಯ ಕವಡೆಯ ಚೀಲ, ಹಲಸಿನ ಮರದ ಅಳಗುಳಿಮಣೆ, ಪಗಡೆಯ ಹಾಸು. ಕಾಸಿನ ಪಣವನ್ನೂ ಕಾಣದ ಮಣೆಗಳು ತೋಟದ ಸಾಲಕ್ಕೆ ಜಾಮೀನಾದವು. ಅತ್ತೆ ಎದುರಾಡಲಿಲ್ಲ. ಕೆಲವು ದಿನ ಕಳೆದ ಮೇಲೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಇದ್ದಲಿನ ಗೆರೆಗಳು ಕಾಣಿಸಿಕೊಂಡವು. ಕವಡೆಗೆ ಬದಲಾಗಿ ಒಂದು ಮಗ್ಗುಲು ತೇಯ್ದ ಹುಣಿಸೆಯ ಬೀಜಗಳು. ಮಳೆ ಬಂದರೆ ಮನೆಗಳೆಲ್ಲ ತೊಳೆದುಹೋಗುತ್ತಿದ್ದವು, ಮತ್ತೆ ಬರೆಯುತ್ತಿದ್ದರು.

ಮರುವರ್ಷ ಮುಂಬಯಿಯಿಂದ ಬಂದ ನಂಟರೊಬ್ಬರು ನಮಗೆ ಲೂಡೋವಿನ ಪೆಟ್ಟಿಗೆಯನ್ನು ತಂದುಕೊಟ್ಟರು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಬಣ್ಣದ ಕಾಗದದ ಮಕ್ಕಳಾಟವೆಂದು ಎಲ್ಲರೂ ಮೆಚ್ಚಿದರು. ಲೂಡೋ ಎಂಬುದು ನಮ್ಮ ಪಚ್ಚೀಸಿಯನ್ನೇ ಮೊಟಕುಮಾಡಿ ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ಆಟ. ಫತೇಪುರ ಸಿಕ್ರಿಯ ಅಂಗಳದ ನೆಲಗಟ್ಟಿನಲ್ಲಿ ಹಾಸಿರುವ ಪಚ್ಚೀಸಿಯ ಶಿಲುಬೆಯನ್ನು ನೋಡಿದವರಿಗೆ ಈ ನೆಂಟತನ ಒಡನೆಯೇ ಹೊಳೆಯುವುದು. ಹಾವು-ಏಣಿಯ ಪಟವೂ ಹೀಗೆಯೇ ಇಂಗ್ಲೆಂಡಿಗೆ ಹೋಗಿ ಮನೆಗಳ ಪಾಪಪುಣ್ಯದ ಹೆಸರುಗಳನ್ನು ಕಳೆದುಕೊಂಡು ಬರಿಯ ಅಂಕಿಗಳೊಡನೆ ಹಿಂದಿರುಗಿತು. ನಮ್ಮತ್ತೆ ಲೂಡೋವಿನ ದಾಳವನ್ನು ಒಮ್ಮೆ ಉರುಳಿಸಿ ನೋಡಿ, "ಇದಕ್ಕೆ ಮುಖ ಆರಿದ್ದರೂ ಗುಣ ಒಂದೇ" ಎಂದು ಪಕ್ಕಕ್ಕಿಟ್ಟರು.

ಹೆಂಗಸರ ಮಣೆಗೆ ಅಂಟಿದ ಭಯವು ನಮ್ಮ ಮನೆಯೊಂದರದೇ ಅಲ್ಲ. ಘಟ್ಟದ ಕೆಳಗೆ ತುಳುನಾಡಿನಲ್ಲಿ ಅಳಗುಳಿಮಣೆಗೆ ಚೆನ್ನೆಮಣೆಯೆಂದು ಹೆಸರು. ಸಾಲಿಗೆ ಏಳರಂತೆ ೧೪ ಗುಳಿಗಳು. ಕೆಲಸವಿಲ್ಲದ, ಕೈಯಲ್ಲಿ ಕಾಸಿಲ್ಲದ ಆಟಿಯ ತಿಂಗಳಿನಲ್ಲಿ ಇದು ಹೊರಬರುವುದು. ಆದರೆ ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಿಷೇಧವಿದೆ. ಸಿರಿಯ ಪಾಡ್ದನದಲ್ಲಿ ಅದರ ಕಾರಣ ಉಂಟು. ಸಿರಿಯ ಮೊಮ್ಮಕ್ಕಳಾದ ಅಬ್ಬಗ-ದಾರಗರೆಂಬ ಅವಳಿ ಹುಡುಗಿಯರು ಚೆನ್ನೆಯಾಡುತ್ತ ಜಗಳವಾಡಿ, ಒಬ್ಬಳು ಮಣೆಯಿಂದಲೇ ಮತ್ತೊಬ್ಬಳನ್ನು ಹೊಡೆದು ಕೊಂದು, ತಾನು ಬಾವಿಗೆ ಹಾರುತ್ತಾಳೆ. ಸಭಾಪರ್ವದಲ್ಲಿ ರಾಜ್ಯ ಹೋಯಿತು, ಯುದ್ಧವಾಯಿತು, ಹದಿನೆಂಟು ಅಕ್ಷೋಹಿಣಿ ಸೈನ್ಯ ಮಡಿಯಿತು. ಇಲ್ಲಿ ಪಣವೇ ಇಲ್ಲ. ಹಿಡಿ ಬೀಜಗಳು, ಇಬ್ಬರು ಹುಡುಗಿಯರು. ಎರಡು ಕಥೆಗಳಲ್ಲಿ ನನ್ನನ್ನು ಹೆಚ್ಚು ಕಲಕುವುದು ಎರಡನೆಯದು. ಪಣವಿಲ್ಲದಿದ್ದರೆ ಮಣೆ ನಿರಪಾಯವೆಂಬ ನಮ್ಮತ್ತೆಯ ಪಕ್ಷದ ವಾದವನ್ನು ಪಾಡ್ದನವು ಪೂರ್ತಿಯಾಗಿ ಒಪ್ಪಲು ಬಿಡುವುದಿಲ್ಲ. ಜಗತ್ತಿನಲ್ಲಿ ಬೇರಾವ ಗೆಲವಿಗೂ ಎಡೆಯಿಲ್ಲದವರಿಗೆ ಮಣೆಯ ಮೇಲಣ ಸೋಲು ಎಷ್ಟು ದೊಡ್ಡದಾಗಬಹುದೆಂಬುದನ್ನು ಆ ಹಾಡನ್ನು ಕಟ್ಟಿದವರು ಬಲ್ಲರು.

ಇಂತಹ ದೆಸೆ ಹೆಂಗಸರಿಗೆ ಮಾತ್ರ ಬಂದುದಲ್ಲ, ಒಮ್ಮೆ ದೊರೆಗೂ ಬಂದಿತು. ಮುಮ್ಮಡಿ ಕೃಷ್ಣರಾಜ ಒಡೆಯರು ೧೭೯೯ರಲ್ಲಿ ಐದು ವರ್ಷದ ಬಾಲಕರಾಗಿ ಮೈಸೂರಿನ ಸಿಂಹಾಸನವನ್ನೇರಿದರು. ನಗರದ ದಂಗೆಯನ್ನು ನೆಪಮಾಡಿಕೊಂಡು ಬೆಂಟಿಂಕನು ೧೮೩೧ರಲ್ಲಿ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡನು. ಅಲ್ಲಿಂದ ೧೮೬೮ರಲ್ಲಿ ತೀರಿಕೊಳ್ಳುವವರೆಗೆ ೩೭ ವರ್ಷ ಅವರು ಹೆಸರಿಗೆ ಮಾತ್ರ ಅರಸರು. ರಾಜ್ಯಕ್ಕಾಗಿ ಅರ್ಜಿಗಳನ್ನು ಬರೆಯುತ್ತಲೇ ಇದ್ದರು. ಈ ಅವಧಿಯಲ್ಲಿ ಅವರ ಆಸ್ಥಾನವು ವಿದ್ಯೆಗೆ ಮಾಡಿದ ಉಪಕಾರವನ್ನು ಎಲ್ಲರೂ ಕೊಂಡಾಡುವರು. ಆಟಗಳ ಮಾತು ಬಂದರೆ ಮಾತ್ರ ಚರಿತ್ರಕಾರರು ಸ್ವಲ್ಪ ಸಂಕೋಚದಿಂದ ಮುಂದಕ್ಕೆ ಸಾಗುವರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಎಂಟು ದೇವತೆ, ಗ್ರಹ, ಆಗಮಗಳಿಗೆ ಸಂದರೆ ಒಂಬತ್ತನೆಯದಾದ ಕೌತುಕನಿಧಿಯು ಆಟಗಳಿಗೆ ಸಂದಿದೆ. ಅದರಲ್ಲಿ ವಿವರಿಸಿರುವ ಛದಗಳೆಂಬ ಎಲೆಯಾಟಗಳಲ್ಲಿ ಜಗನ್ಮೋಹನ ಛದಕ್ಕೆ ೩೬೦ ಎಲೆಗಳು! ಚತುರಂಗದ ಕುದುರೆಯು ೬೪ ಮನೆಗಳನ್ನೂ ಒಂದನ್ನೂ ಬಿಡದೆ, ಒಂದನ್ನೂ ಎರಡು ಬಾರಿ ತುಳಿಯದೆ ಸುತ್ತಿಬರುವ ನಡೆಗಳನ್ನು ಅವರು ಹೊಸದಾಗಿ ಕಟ್ಟಿದರು. ೯ನೆಯ ಶತಮಾನದ ರುದ್ರಟನ ಕಾಲದಿಂದಲೂ ಅಲಂಕಾರಿಕರು ಪದ್ಯದಲ್ಲಿ ಆಡಿಸುತ್ತಿದ್ದ ಕುದುರೆ ಅದೇ. ಮೈಸೂರಿನ ಜಗನ್ಮೋಹನ ಅರಮನೆಯ ಮೇಲ್ಮಹಡಿಯ ಗೋಡೆಗಳ ಮೇಲೆ ಅವರ ಆಟಗಳನ್ನು ಚಿತ್ರಿಸಿದ್ದಾರೆ.

ಧರ್ಮರಾಯನು ಮಣೆಯ ಮೇಲೆ ರಾಜ್ಯವನ್ನು ಕಳೆದನು. ರಾಜ್ಯವನ್ನು ಕಳೆದ ಕೃಷ್ಣರಾಜರು ಮಣೆಯ ಮೇಲೆ ಕಟ್ಟಿದರು. ಇದನ್ನು ವ್ಯರ್ಥಕಾಲಕ್ಷೇಪವೆನ್ನುವವರು ಆ ೩೭ ವರ್ಷಗಳನ್ನು ಬೇರೆ ಹೇಗೆ ಕಳೆಯಬಹುದಾಗಿದ್ದಿತೆಂದು ಹೇಳಬೇಕು. ಅದರ ಜೊತೆಗೇ, ೧೮೩೧ಕ್ಕೆ ಮುಂಚೆ ಖಜಾನೆಯ ಕಡೆಗೆ ಇನ್ನಷ್ಟು ಗಮನ ಸಂದಿದ್ದರೆ ಚೆನ್ನಾಗಿದ್ದಿತೆಂಬ ಮಾತನ್ನು ತಳ್ಳಿಹಾಕುವ ಧೈರ್ಯವೂ ನನಗಿಲ್ಲ. ಕುದುರೆಯ ನಡೆಯನ್ನು ಬೆರಳಿನಿಂದ ಅನುಸರಿಸಿ ನೋಡಿದಾಗಲೆಲ್ಲ ನನಗೆ ಒಗೆಯುವ ಕಲ್ಲಿನ ಮೇಲಣ ಇದ್ದಲಿನ ಗೆರೆ ನೆನಪಾಗುವುದು; ಆ ಹೋಲಿಕೆಗೆ ಅರಮನೆಯವರು ಕ್ಷಮಿಸಬೇಕು.

ಹಂಪೆಯಲ್ಲಿ ಇನ್ನೊಂದು ಬಗೆಯ ಸಾಕ್ಷ್ಯವಿದೆ. ಗುಡಿಗಳ ಜಗಲಿಗಳ ಮೇಲೆ, ಮಂಟಪಗಳ ನೆಲದ ಮೇಲೆ, ಬಯಲಿನ ಬಂಡೆಗಳ ಮೇಲೆ ಆಡು-ಹುಲಿಯ ಗೆರೆಗಳೂ ಅಳಗುಳಿಯ ಗುಳಿಗಳೂ ನವಕಂಕರಿಯ ಚೌಕಗಳೂ ಕೊರೆದಿರುವುದನ್ನು ನೋಡಬಹುದು. ಕೊರೆದವರ ಹೆಸರಿಲ್ಲ, ಕಾವಲುಗಾರರೋ ಕಲ್ಲುಕುಟಿಗರೋ ಕುರಿಗಾಹಿಗಳೋ, ಹೊತ್ತು ಹೋಗದೆ ಕುಳಿತ ಯಾರೋ. ಆಡು-ಹುಲಿಯಲ್ಲಿ ದಾಳದ ಹಂಗಿಲ್ಲ. ಮೂರು ಹುಲಿ, ಹದಿನೈದು ಆಡು. ಹುಲಿಯು ಆಡನ್ನು ಹಾರಿ ತಿನ್ನುವುದು. ಆಡುಗಳು ಒತ್ತಾಗಿ ನಿಂತು ಹುಲಿಗೆ ಹೆಜ್ಜೆಯಿಡಲು ಎಡೆಯಿಲ್ಲದಂತೆ ಮಾಡಿದರೆ ಗೆದ್ದವು. ನುರಿತವನ ಕೈಯಲ್ಲಿ ಆಡುಗಳನ್ನು ಕೊಟ್ಟರೆ ಹುಲಿಗಳಿಗೆ ಕಷ್ಟ.

ನಮ್ಮತ್ತೆ ಗತಿಸಿ ಬಹುಕಾಲವಾಯಿತು. ಅಟ್ಟದಿಂದ ಇಳಿದ ಅಳಗುಳಿಮಣೆ ಈಗ ನನ್ನಲ್ಲಿದೆ. ಮೂರನೆಯ ಗುಳಿಯ ಅಂಚು ಇಲಿ ಕಡಿದು ಸವೆದಿದೆ. ೨೦೨೦ರಲ್ಲಿ ಲೋಕವೆಲ್ಲ ಬಾಗಿಲಿಕ್ಕಿಕೊಂಡಿದ್ದಾಗ ಮೊಮ್ಮಕ್ಕಳು ದೂರವಾಣಿಯ ಗಾಜಿನ ಮೇಲೆ ಲೂಡೋವನ್ನು ಆಡುತ್ತಿದ್ದರು. ನಾನು ಮಣೆಯನ್ನು ತೆಗೆದಿರಿಸಿದೆ. ಗುಳಿಗೆ ನಾಲ್ಕೋ ಐದೋ ಎಂಬ ಲೆಕ್ಕದಲ್ಲಿಯೇ ನನಗೂ ಅವರ ಅಜ್ಜಿಗೂ ಭಿನ್ನಾಭಿಪ್ರಾಯ ಹುಟ್ಟಿತು. ಅವರ ತವರು ಬಯಲುಸೀಮೆ; ಅಲ್ಲಿಯ ಕ್ರಮ ಬೇರೆ.

ಈ ಬೇರೆ ಬೇರೆ ಕ್ರಮಗಳನ್ನು ಯಾರಾದರೂ ಬರೆದಿಡಬೇಕಲ್ಲವೆ? ನಮ್ಮ ಜಿಲ್ಲೆಯ ಒಂದೊಂದು ಹೋಬಳಿಯಲ್ಲಿಯೂ ಚೌಕಾಬಾರವನ್ನು ಏನೆಂದು ಕರೆಯುವರು, ಕಟ್ಟೆಮನೆಗಳು ಎಷ್ಟು, ಜೋಡಿಕಾಯಿಯನ್ನು ಹೊಡೆಯಬಹುದೆ, ಯಾವ ದಿನ ಆಡಬಾರದು, ಯಾರ ಎದುರಿಗೆ ಯಾರು ಕುಳಿತುಕೊಳ್ಳಬಾರದು ಎಂಬುದನ್ನು ವಾಚಕರು ತಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಕ್ರಮವಾಗಿ ಅಚ್ಚುಮಾಡಬಹುದು. ಅಟ್ಟದಲ್ಲಿ ಮಣೆಯೇನಾದರೂ ಉಳಿದಿದ್ದರೆ ಗುಳಿಗಳನ್ನು ಎಣಿಸಿ, ಯಾವ ಮರದ್ದೆಂಬುದನ್ನೂ ತಿಳಿಸಬೇಕು.